ಬಾಗಿಲಲ್ಲಿ ನಿಂತವರು

ಹಳೆಯ ಮೂಕಿಚಿತ್ರಗಳ ಗೀರು, ಧೂಳನ್ನು ಕಂಪ್ಯೂಟರಿನಲ್ಲಿ ಅಳಿಸುವುದು ನನ್ನ ಕೆಲಸ. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಮಾಡುತ್ತೇನೆ. ಹೋದ ಚಳಿಗಾಲ ಅಮೆರಿಕದ ನಟನೊಬ್ಬನ ಚಿತ್ರ ಬಂತು. ಇಪ್ಪತ್ತು ವರ್ಷ ಊರೂರು ತಿರುಗಿ ನಾಟಕವಾಡಿದವನಂತೆ. ಸಿನಿಮಾದಲ್ಲಿ ಮೊದಲು ನಾಯಕ, ಆಮೇಲೆ ನಾಯಕಿಯ ಅಪ್ಪ, ಕೊನೆಗೆ ಚಹಾ ತರುವ ಆಳು. ಅವನ ಚಿತ್ರಗಳಲ್ಲಿ ಉಳಿದದ್ದು ಇದೊಂದೇ. ಇದರಲ್ಲಿ ಅವನು ಆಳು.

ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾನೆ. ಬಂದವನು ನಿಂತೇಬಿಡುತ್ತಾನೆ, ಗದ್ದ ಎತ್ತಿ, ನೇರ ನನ್ನನ್ನೇ ನೋಡುತ್ತ, ನಾಲ್ಕು ಸೆಕೆಂಡು. ಅಚ್ಚು ಹಾಕುವಾಗ ಫಿಲ್ಮ್ ಸಿಕ್ಕಿಕೊಂಡಿರಬೇಕು ಅಂದುಕೊಂಡು ಆ ತುಂಡನ್ನು ಕತ್ತರಿಸಿ ಹಾಕಿದೆ. ಇಂಥದ್ದಕ್ಕೆ ನನ್ನ ಕೈ ಬಲು ಚುರುಕು. ಆದರೆ ಆ ಕಣ್ಣು ನನ್ನನ್ನು ಬಿಡಲಿಲ್ಲ. ಪಾತ್ರೆ ತೊಳೆಯುವಾಗ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡುತ್ತಿದ್ದೆ.

ಕೆಲಸ ಒಪ್ಪಿಸುವ ದಿನ ಮಗಳು ಕಾಲೇಜಿನಿಂದ ಬಂದವಳು ಮೂಲ ಪ್ರತಿ ನೋಡಿದಳು.

"ಅವ್ವಾ, ಜಸ್ಟ್ ಲೈಕ್ ಅಜ್ಜಾ," ಎಂದಳು.

"ಏನ್ ಅಜ್ಜನಂಗ?"

"ಹೀ ಇಸ್ ವೇಟಿಂಗ್. ಫಾರ್ ದ ಕ್ಲಾಪ್ಸ್."

ನನ್ನಪ್ಪ ಧಾರವಾಡದ ಕಡೆಯ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿದವರು. ರಾಜ ಬಂದರೆ ಚಪ್ಪಾಳೆ ನಿಲ್ಲುವ ತನಕ ಮಾತು ಶುರು ಮಾಡುವಂತಿಲ್ಲ, ಅದು ಕಂಪನಿಯ ರೂಢಿ. ಸೈಡ್‌ವಿಂಗಿನಲ್ಲಿ ಕೂತು ಅದನ್ನೆಲ್ಲ ನೋಡಿ ಬೆಳೆದವಳು ನಾನು. ನನಗೇ ಹೊಳೆಯಲಿಲ್ಲ.

ಕೊನೆಯ ಎರಡು ವರ್ಷ ಅಪ್ಪ ಇಲ್ಲೇ ಇದ್ದರು. ಮರೆವು ಹತ್ತಿತ್ತು. ದಿನಾ ಸಂಜೆ ಚಹಾದ ಹೊತ್ತಿಗೆ ಇದೇ ಕೋಣೆಯ ಬಾಗಿಲಿಗೆ ಬಂದು, ಗದ್ದ ಎತ್ತಿ ನಿಲ್ಲುತ್ತಿದ್ದರು. ನಾನು ಕಂಪ್ಯೂಟರಿನಿಂದ ತಲೆ ಎತ್ತದೆ ಗದರುತ್ತಿದ್ದೆ. "ಒಳಗರೆ ಬರ್ರಿ, ಹೊರಗರೆ ಹೋಗ್ರಿ. ಹೀಟಿಂಗ್ ಎಲ್ಲಾ ಹೋಗ್ತದ." ಜಿಪಿ ಡಾಕ್ಟರ ಹತ್ತಿರ ಅದನ್ನೂ ಕಾಯಿಲೆಯ ಲಕ್ಷಣವೆಂದೇ ಬರೆಸಿ ಬಂದಿದ್ದೆ. ನಾಚಿಕೆಯಾಗುತ್ತದೆ ಈಗ.

ಆ ನಾಲ್ಕು ಸೆಕೆಂಡನ್ನು ಮತ್ತೆ ಸೇರಿಸಿ ಚಿತ್ರ ಕಳಿಸಿದೆ. ಅಷ್ಟಾದರೂ ನನ್ನ ಕೈಲಿತ್ತು. ಮಗಳು ಇನ್ನೂ ಅಲ್ಲೇ ಕೂತಿದ್ದಳು.

"ನೀ ಏನರೆ ಅಜ್ಜಗ ಚಪ್ಪಾಳೆ ಹೊಡೀತಿದ್ದ್ಯೇನು?" ಎಂದು ಕೇಳಿದೆ.

"ಹೊಡೀತಿದ್ದೆ. ಮೆಲ್ಲಕ, ನೀ ಬೈತಿ ಅಂತ." ಅಪರೂಪಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಳು. ಆಮೇಲೆ ಅಂದಳು: "ಆದ್ರ ಅಜ್ಜಾ ನಿನ್ನ ಕಡೇನ ನೋಡ್ತಿದ್ದ."