ಕೊನೆ ನೋಡದ ಮುನಿರಾಜಣ್ಣ

ಮುನಿರಾಜಣ್ಣ ನನಗೆ ಇನ್ನೂರು ನಾಟಕ ಶಿಫಾರಸು ಮಾಡಿದ್ದಾರೆ. ಸರಿ, ಇನ್ನೂರಲ್ಲ, ನಲವತ್ತು. ಪಕ್ಕದ ಸೀಟಿನ ಚೈತ್ರಾಳನ್ನು ಕೇಳಿದರೆ ಹದಿನೆಂಟು ಅನ್ನುತ್ತಾಳೆ; ಅವಳಿಗೆ ಎಲ್ಲವನ್ನೂ ಎಣಿಸುವ ರೋಗವಿದೆ. ಎಷ್ಟಾದರೂ ಇರಲಿ. ಅವುಗಳಲ್ಲಿ ಒಂದೇ ಒಂದರ ಕೊನೆಯನ್ನೂ ಅವರು ನೋಡಿರಲಿಲ್ಲ.

ಅವರು ನಮ್ಮ ಸ್ಕೂಲ್ ವ್ಯಾನಿನ ಡ್ರೈವರು. ಕೋಗಿಲಿನ ಹಳೇ ಊರಿನವರು. ಬೆಳಗ್ಗೆ ಏಳಕ್ಕೆ ನಮ್ಮನ್ನು ಕೋಗಿಲಿನಲ್ಲಿ ತುಂಬಿಕೊಂಡು ಆರ್.ಟಿ. ನಗರದ ಶಾಲೆ ಮುಂದೆ ಸುರಿಯುತ್ತಿದ್ದರು, ಸಂಜೆ ಮತ್ತೆ ತುಂಬಿಕೊಂಡು ವಾಪಸ್ಸು. ನಡುವೆ ಹೆಬ್ಬಾಳದ ಫ್ಲೈಓವರ್, ಅದರ ಟ್ರಾಫಿಕ್ ಜಾಮು. ನಾನು ಆ ಫ್ಲೈಓವರ್ ಹತ್ತಿದ್ದು ಏಳನೇ ಕ್ಲಾಸಿನಲ್ಲಿ, ಇಳಿಯುವಾಗ ಮೀಸೆ ಬಂದಿತ್ತು. ವ್ಯಾನಿನ ಜಾರುಬಾಗಿಲಿಗೆ ಒಳಗಡೆಯ ಹಿಡಿಯೇ ಇರಲಿಲ್ಲ. ಮುನಿರಾಜಣ್ಣ ಇಳಿದು ಬಂದು ಹೊರಗಿನಿಂದ ತೆಗೆಯಬೇಕು. ಕಿಟಕಿಗೆ ಕಬ್ಬಿಣದ ಕಂಬಿ. ಹದಿನಾರು ಜನ, ಹದಿನಾರು ಊಟದ ಡಬ್ಬಿ, ಅದರಲ್ಲಿ ಯಾರದ್ದೋ ಒಂದು ಮೊಟ್ಟೆ. ಕೈದಿಗಳಿಗೆ ಬಿಡುಗಡೆಯ ದಿನವಾದರೂ ಗೊತ್ತಿರುತ್ತದೆ.

ಶನಿವಾರ, ಭಾನುವಾರ ಅದೇ ವ್ಯಾನು ಒಂದು ನಾಟಕ ತಂಡದ ಸಾಮಾನು ಹೊರುತ್ತಿತ್ತು. ಹಾಗಾಗಿ ಸೋಮವಾರ ಸೀಟಿನ ಕೆಳಗೆ ಒಂದೊಂದು ಸಲ ಗಡ್ಡ ಸಿಗುತ್ತಿತ್ತು. ಒಮ್ಮೆ ಬಟ್ಟೆ ತುಂಬಿದ ಕೈ ಸಿಕ್ಕಿ, ಎರಡನೇ ಕ್ಲಾಸಿನ ಹುಡುಗನೊಬ್ಬ ಒಂದು ವಾರ ಜ್ವರ ಬಂದು ಮಲಗಿದ. ಒಂದೇ ದಿನ, ಆದರೂ ಮಲಗಿದ್ದು ನಿಜ.

ಆ ತಂಡದವರು ಆಡುತ್ತಿದ್ದುದೆಲ್ಲ ಚಿಕ್ಕ ನಾಟಕಗಳು, ಎಲ್ಲವೂ ಹೊಸಬರು ಬರೆದದ್ದು. ಒಂದು ಸಂಜೆಗೆ ನಾಲ್ಕು. ಮುನಿರಾಜಣ್ಣ ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ನಿಂತು ಅಷ್ಟನ್ನೂ ನೋಡಿ, ಸೋಮವಾರದಿಂದ ಶುಕ್ರವಾರದವರೆಗೆ ನಮಗೆ ಹೇಳುತ್ತಿದ್ದರು. ಎದ್ದು ಹೋಗೋಣವೆಂದರೆ ಬಾಗಿಲಿಗೆ ಹಿಡಿ ಇಲ್ಲ. ಅಂಥ ಪ್ರೇಕ್ಷಕರು ಯಾವ ನಾಟಕಕಾರನಿಗೂ ಸಿಕ್ಕಿರಲಿಕ್ಕಿಲ್ಲ.

ಸಾಮಾನು ಹೊರುವವರಾದ್ದರಿಂದ ಅವರ ವಿಮರ್ಶೆಯೂ ಬೆನ್ನಿನಿಂದಲೇ ಬರುತ್ತಿತ್ತು.

"ಎಲ್ಡ್ ಕುರ್ಚಿ, ಒಂದ್ ಬಕೆಟ್ಟು. ಭಾಳ ಒಳ್ಳೇ ನಾಟ್ಕ," ಅನ್ನುತ್ತಿದ್ದರು. "ಈಗಿನ್ ಉಡುಗ್ರು ಒಂದ್ ಸ್ಟೂಲಲ್ಲಿ ಕತೆ ಮುಗುಸ್ತಾರೆ ಕಣಪ್ಪ. ಆಗಿನೋರು ಸಿಂಆಸ್ನ ಇಲ್ದಿದ್ರೆ ಬಾಯೇ ಬಿಡ್ತಿರ್ಲಿಲ್ಲ."

ಉದ್ದವನ್ನು ಅಳೆಯುತ್ತಿದ್ದುದು ರಸ್ತೆಯ ಲೆಕ್ಕದಲ್ಲಿ. ಒಂದು ಕೊಡಿಗೇಹಳ್ಳಿ ಗೇಟಿನಷ್ಟು ನಾಟಕ, ಒಂದು ಹೆಬ್ಬಾಳದಷ್ಟು ನಾಟಕ. ಮಳೆ ಬಂದರೆ ಒಂದು ಹೆಬ್ಬಾಳದಲ್ಲಿ ಮೂರು ನಾಟಕ ಹಿಡಿಸುತ್ತಿದ್ದವು.

ನಾಯಿ ನಾಟಕವನ್ನು ಹೇಳಿದ್ದು ಅಂಥ ಒಂದು ಮಳೆಯ ದಿನ. ಮುಂದೆ ಬಸ್ಸು, ಹಿಂದೆ ಲಾರಿ, ಕಿಟಕಿಯೆಲ್ಲ ಮಂಜು ಕಟ್ಟಿದೆ. ಮುನಿರಾಜಣ್ಣ ಎಂಜಿನ್ ಆಫ್ ಮಾಡಿ ನಮ್ಮ ಕಡೆ ತಿರುಗಿದರು.

"ಇದು ಲ್ಯಾಬಲ್ಲಿ ರಕ್ತ ತಗಿಯೋ ಉಡ್ಗಿ ಬರ್ದಿರೋದು. ಚುಚ್ಚಿದ್ದೇ ಗೊತ್ತಾಗಲ್ಲ, ಆಮ್ಯಾಕೆ ನೋಯ್ತದೆ. ಕರೆಂಟ್ ಮೀಟ್ರು ಓದೋನು ಒಂದ್ ಮನೆ ಕಾಂಪೌಂಡಿಗೆ ಓಯ್ತಾನೆ. ಮನೇಲಿ ಯಾರೂ ಇಲ್ಲ. ಇಂದಿಕ್ ತಿರುಗ್ತಾನೆ, ಗೇಟಲ್ಲಿ ನಾಯಿ ಅಡ್ಡ ಮಲಗೈತೆ. ಒಳೀಕ್ ಬಿಡ್ತು, ಈಚೆಗ್ ಬಿಡಲ್ಲ."

"ನಾಯಿ ಪಾರ್ಟು ಯಾರ್ ಮಾಡ್ತಾರೆ?" ಎಂದೆ. ನನ್ನ ದೃಷ್ಟಿ ಯಾವಾಗಲೂ ಒಳ್ಳೆಯ ಪಾರ್ಟಿನ ಮೇಲೆ.

"ನಾಯಿ ಕಾಣ್ಸಲ್ಲ ಕಣೋ. ಗುರ್ ಅನ್ನೋದ್ ಕೇಳುಸ್ತದೆ ಅಷ್ಟೇ. ಪಕ್ಕದ್ ಮನೆ ಅಜ್ಜಿ ಗೋಡೆ ಮ್ಯಾಲಿಂದ, 'ಅದೇನೂ ಮಾಡಲ್ಲ ಬಾರಪ್ಪ' ಅಂತದೆ. ಇವ್ನು ಒಂದ್ ಎಜ್ಜೆ ಇಟ್ರೆ ಗುರ್. ಅಂಗೇ ಮಾತಾಡ್ತಾ ಮಾತಾಡ್ತಾ ಸಂಜೆ ಆಯ್ತದೆ. ಇವ್ನು ಊಟದ್ ಡಬ್ಬಿ ಕೈಗ್ ತಗತಾನೆ…"

ನಿಲ್ಲಿಸಿಬಿಟ್ಟರು.

"ಆಮೇಲೆ?" ಎಂದಳು ಚೈತ್ರಾ.

"ಕೊನೆ ಯೇಳ್ಬಾರ್ದು."

ಪ್ರತಿ ಸಲವೂ ಇದೇ ಮಾತು. ಅದನ್ನು ನಾವು ದೊಡ್ಡವರ ಮರ್ಯಾದೆ ಎಂದುಕೊಂಡಿದ್ದೆವು. ಆದರೆ ಚೈತ್ರಾ ಅವತ್ತು ಬಿಡಲಿಲ್ಲ. "ಹೋದ ವರ್ಷದ ಬಕೆಟ್ ನಾಟಕದ್ದಾದ್ರೂ ಹೇಳಿ. ನಾವ್ಯಾರೂ ಇನ್ನ ಅದನ್ನ ನೋಡಲ್ಲ," ಅಂದಳು. ಮುನಿರಾಜಣ್ಣ ವೈಪರ್ ಹಾಕಿದರು, ಆರಿಸಿದರು.

"ನೋಡಿಲ್ಲ ಕಣಮ್ಮ," ಎಂದರು ಕೊನೆಗೆ. "ಒಂದ್ ನಾಟ್ಕ ಮುಗಿಯೋಕ್ ಮುಂಚೆ ಮುಂದಿನ್ ನಾಟ್ಕದ್ ಸಾಮಾನು ವ್ಯಾನಿಂದ ತಂದು ಇಡ್ಬೇಕು. ಕೊನೇದ್ ಮುಗಿಯೋಕ್ ಮುಂಚೆ ಗಾಡಿ ಇಂದ್ಗಡೆ ಬಾಗ್ಲಿಗ್ ಅಚ್ಬೇಕು. ಒಂಬತ್ ವರ್ಷ ಆಯ್ತು. ಚಪ್ಪಾಳೆ ಕೇಳುಸ್ತದೆ. ಓ, ಚೆನ್ನಾಗ್ ಮುಗೀತು ಅನ್ಕತೀನಿ."

ಚೈತ್ರಾ ಬೆರಳು ಮಡಿಸಿ ಒಂಬತ್ತು ವರ್ಷದ ನಾಟಕಗಳನ್ನು ಎಣಿಸತೊಡಗಿದಳು. ಸುಮ್ಮನೆ ಕೂರುವುದು ನನಗೆ ಆಗಿಬರುವುದಿಲ್ಲ. "ಅಣ್ಣಾ, ಶಾಲೆ ಸ್ಪರ್ಧೆಗೆ ಈ ನಾಯಿ ನಾಟಕ ನಾನೇ ಮಾಡ್ತೀನಿ. ನೀವು ಕೂತ್ಕೊಂಡು ಕೊನೆ ನೋಡ್ತೀರ. ಬರೆದಿಟ್ಕೊಳ್ಳಿ," ಎಂದೆ. ಅಷ್ಟು ದೊಡ್ಡ ಮಾತಾಡಿದ ಮೇಲೆ ಹಿಂದೆ ಸರಿಯಲು ಜಾಗವಿರಲಿಲ್ಲ.

ಬರೆದ ಹುಡುಗಿಯನ್ನು ತಂಡದವರ ಮೂಲಕ ಕೇಳಿ ಒಪ್ಪಿಗೆ ಪಡೆದವರು, ಕಂದು ಕವರಿನಲ್ಲಿ ಸ್ಕ್ರಿಪ್ಟು ತಂದುಕೊಟ್ಟವರು ಮುನಿರಾಜಣ್ಣನೇ. ಕೊನೆಯ ಪುಟ ಅವರ ಕೈಯಲ್ಲೇ ಇತ್ತು. ಆದರೂ ತೆರೆದು ನೋಡಲಿಲ್ಲ. "ನಾಟ್ಕ ಓದೋದಾ? ಮದ್ವೆ ಮನೇಲಿ ಊಟ ಬಿಟ್ಟು ಅಡ್ಗೆ ಪಟ್ಟಿ ಓದ್ದಂಗೆ," ಎಂದರು.

ಸ್ಪರ್ಧೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು. ಪ್ರತಿ ನಾಟಕಕ್ಕೆ ಹತ್ತು ನಿಮಿಷ, ಮೀರಿದರೆ ಗಂಟೆ, ಎರಡನೇ ಗಂಟೆಗೆ ಔಟ್. ನಾನು ಮೀಟರ್ ಓದುವವನು, ಚೈತ್ರಾ ಅಜ್ಜಿ. ನನ್ನ ಮೊದಲ ಮಾತಿಗೇ ಸಾವಿರ ಜನ ನಕ್ಕರು. ಹಾಲ್‌ನಲ್ಲಿ ಇನ್ನೂರೇ ಕುರ್ಚಿ ಇದ್ದವು, ಆದರೂ.

ಏಳನೇ ನಿಮಿಷಕ್ಕೆ ನಾನು ಊಟದ ಡಬ್ಬಿ ಕೈಗೆತ್ತಿಕೊಂಡೆ. ಮುನಿರಾಜಣ್ಣ ಎದ್ದು ನಿಂತರು. ಯಾರೂ ಕರೆದಿರಲಿಲ್ಲ. ಹಿಂದಿನವರಿಗೆ ಅಡ್ಡ ಬಾರದಂತೆ ತಲೆ ತಗ್ಗಿಸಿಕೊಂಡು, ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಮುಂದಿನ ನಾಟಕ ಆಡಬೇಕಿದ್ದ ಕ್ಲಾಸಿನವರ ಸ್ಟೂಲುಗಳು ಕಾರಿಡಾರಿನ ಆ ತುದಿಯಲ್ಲಿದ್ದವು.

'ನಾಯಿ ಎದ್ದೋಯ್ತು' ಎನ್ನಲು ಚೈತ್ರಾ ಬಾಯಿ ತೆರೆದಿದ್ದಳು. ಆ ಮಾತು ಬಂದರೆ ನಾಟಕ ಮುಗಿದಂತೆ. ನಾನು ಥಟ್ಟನೆ ಕೇಳಿದೆ, "ಅಜ್ಜಿ, ಉಪ್ಪಿನಕಾಯಿ ಇದ್ಯಾ?"

ಸ್ಕ್ರಿಪ್ಟಿನಲ್ಲಿ ಉಪ್ಪಿನಕಾಯಿ ಇರಲಿಲ್ಲ. ಚೈತ್ರಾ ಖಾಲಿ ಕುರ್ಚಿ ನೋಡಿದಳು, ಬಾಗಿಲು ನೋಡಿದಳು.

"ಯಾವ್ದಪ್ಪ ಬೇಕು? ಮಾವಿಂದಾ, ನಿಂಬೆದಾ?"

"ಎರಡೂ ಹೇಳಿ ಅಜ್ಜಿ. ಹೆಂಗ್ ಹಾಕ್ತೀರ?"

ಮಾವು, ನಿಂಬೆ, ಹೇರಳೆ, ನೆಲ್ಲಿ ಎಲ್ಲವೂ ಬಂದವು. ಮೊದಲು ಜನ ನಕ್ಕರು, ಆಮೇಲೆ ನಗಲಿಲ್ಲ. ನಾನು ಮೀಟರಿನ ಅಂಕಿಗಳನ್ನು ರಾಗ ಹಾಕಿ ಓದಿದೆ. ನಾಯಿಗೆ ನನ್ನ ವಂಶಾವಳಿ ಹೇಳಿದೆ. ಗಂಟೆ ಬಾರಿಸಿತು. ವಿಂಗಿನಲ್ಲಿ ನಮ್ಮ ಕ್ಲಾಸ್ ಮಿಸ್ ಕೈಯಿಂದ ಕತ್ತು ಕುಯ್ದು ತೋರಿಸುತ್ತಿದ್ದರು. ಹೊರಗೆ ಹೋಗಲು ದಾರಿ ಗೊತ್ತಿತ್ತು, ಒಂದೇ ಮಾತು ಸಾಕಿತ್ತು. ಅದನ್ನು ಆಡುವ ಹಾಗಿರಲಿಲ್ಲ. ನನ್ನ ಬದುಕಿನಲ್ಲಿ ಮೊದಲ ಬಾರಿಗೆ, ಎಲ್ಲರೂ ನನ್ನನ್ನೇ ನೋಡುತ್ತಿರುವುದು ನನಗೆ ಬೇಡವಾಗಿತ್ತು. ಎರಡನೇ ಗಂಟೆಯೂ ಬಾರಿಸಿತು.

ಆಗ ವಿಂಗಿನಲ್ಲಿ ಮುನಿರಾಜಣ್ಣ ಕಾಣಿಸಿದರು, ಹೆಗಲ ಮೇಲೆ ಎರಡು ಸ್ಟೂಲು. ನಾಟಕ ಇನ್ನೂ ನಡೆಯುತ್ತಿರುವುದನ್ನು ಕಂಡು ಹಾಗೇ ನಿಂತರು. ಸ್ಟೂಲು ಇಳಿಸಲೂ ಇಲ್ಲ.

"ನಾಯಿ ಎದ್ದೋಯ್ತು ಕಣಪ್ಪ," ಎಂದಳು ಚೈತ್ರಾ. "ಗೇಟ್ ತೆಗ್ದೇ ಇದೆ. ಹೊರಡು."

ನಾನು ಗೇಟಿನವರೆಗೂ ಹೋದೆ. ಹೊರಗೆ ನೋಡಿದೆ. ವಾಪಸ್ಸು ಬಂದು ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದೆ. "ಏನೋ ಹೇಳ್ತಿದ್ರಲ್ಲ ಅಜ್ಜಿ. ಆಮೇಲೆ?"

ಲೈಟು ಆರಿತು. ಅಷ್ಟೇ ನಾಟಕ.

ನಮ್ಮನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. "ನಿಂದು ನಾಟಕ ಅಲ್ಲ ಕಣೋ, ಧರಣಿ," ಎಂದರು ಮಿಸ್. ಸಂಜೆ ವ್ಯಾನು ಎಂದಿನಂತೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡಿತು.

"ಅಣ್ಣಾ, ಯಾಕ್ ಎದ್ದೋದ್ರಿ?" ಎಂದಳು ಚೈತ್ರಾ.

"ನಾನೆಲ್ಲಮ್ಮ ಎದ್ದೆ. ಕಾಲ್ ಎದ್ದೋಯ್ತು."

ಮುಂದಿನ ಬಸ್ಸು ಒಂದು ಮೊಳ ಸರಿಯಿತು, ನಾವೂ ಸರಿದೆವು.

"ನಾಯಿ ಕಚ್ತದೆ ಅನ್ಕಂಡಿದ್ದೆ ನಾನು," ಎಂದರು. ಆಮೇಲೆ, "ಗೇಟ್ ತಗ್ದಿದ್ರೂ ಓಗ್ಲಿಲ್ವಲ್ಲ ಅವ್ನು. ನಾನಾಗಿದ್ರೆ ಓಗ್ಬಿಡ್ತಿದ್ದೆ."

ಮರುವರ್ಷ ಶಾಲೆಯವರು ತಮ್ಮದೇ ಬಸ್ಸು ತಂದರು, ವ್ಯಾನುಗಳೆಲ್ಲ ನಿಂತವು. ಮುನಿರಾಜಣ್ಣ ವ್ಯಾನು ಮಾರಿ ಶೆಟ್ಟಿಹಳ್ಳಿ ಕಡೆ ನೀರಿನ ಟ್ಯಾಂಕರ್ ಓಡಿಸುತ್ತಾರೆ ಎಂದು ಯಾರೋ ಹೇಳಿದರು. ಹೊಸ ಬಸ್ಸಿನ ಬಾಗಿಲು ಡ್ರೈವರ್ ಗುಂಡಿ ಒತ್ತಿದರೆ ತೆರೆಯುತ್ತದೆ. ಕಿಟಕಿ ನಾಲ್ಕು ಬೆರಳಗಲ ಜಾರುತ್ತದೆ. ಯಾರೂ ನಾಟಕ ಹೇಳುವುದಿಲ್ಲ. ಎಲ್ಲರೂ ಫೋನ್ ನೋಡುತ್ತಾರೆ, ನಾನೂ ನೋಡುತ್ತೇನೆ.

ಹೋದ ತಿಂಗಳು ಹೆಬ್ಬಾಳದಲ್ಲಿ ನಿಂತಿದ್ದಾಗ ಪಕ್ಕದ ಸಾಲಿಗೆ ಒಂದು ಟ್ಯಾಂಕರ್ ಬಂದು ನಿಂತಿತು.

"ಏನ್ಲಾ ಮೀಟ್ರು," ಎಂದರು ಮುನಿರಾಜಣ್ಣ.

ಕಿಟಕಿಗೆ ಮೂತಿ ಒತ್ತಿದೆ. "ಅಣ್ಣಾ, ನಾಟಕ ನೋಡ್ತೀರಾ ಇನ್ನೂ?"

"ಟಿಕೆಟ್ ತಗಂಡೇ ಓಯ್ತೀನಿ. ಕೊನೆಗಂಟ ಕೂರ್ತೀನಿ. ಕುರ್ಚಿ ಗಟ್ಟಿಯಾಗ್ ಇಡ್ಕಂಡ್ ಕೂರ್ತೀನಿ, ಕಾಲಿನ್ ಮ್ಯಾಲೆ ನಂಬ್ಕೆ ಇಲ್ಲ." ಆಮೇಲೆ ಎಂದಿನಂತೆ ಎಂಜಿನ್ ಆಫ್ ಮಾಡಿ ನನ್ನ ಕಡೆ ತಿರುಗಿದರು. "ಒಂದ್ ಒಸಾದ್ ಬಂದೈತೆ, ನೋಡ್ಲೇಬೇಕು ನೀನು. ಅಕ್ಕ ತಂಗಿ, ಒಂದ್ ಛತ್ರಿ, ಬಸ್ ಸ್ಟಾಪು. ಸಾಮಾನೇ ಇಲ್ಲ. ಎಲ್ರೂ ಮಳೆ ನಿಲ್ಲಲಿ ಅಂತಿದ್ರೆ, ತಂಗಿ ಒಬ್ಳು ನಿಲ್ಬಾರ್ದು ಅಂತಾಳೆ. ಯಾಕಂದ್ರೆ ಮಳೆ ನಿಂತ್ರೆ ಬಸ್ ಬತ್ತದೆ, ಬಸ್ ಬಂದ್ರೆ ಅಕ್ಕ ಒಂಟೋಯ್ತಾಳೆ. ಕೊನೆ ಐತಲ್ಲ, ಈ ಸಲ ನಾನ್ ನೋಡಿದೀನಿ, ಯೇಳ್ತೀನಿ ಕೇಳು. ಬಸ್ ಬತ್ತದೆ. ತಂಗಿ ಛತ್ರೀನ…"

ಅವರ ಸಾಲು ಸರಿಯಿತು. ಹಿಂದಿನಿಂದ ಹಾರ್ನುಗಳು. ಅವರು ಸ್ಟಾರ್ಟ್ ಮಾಡಿದರು.

"ಆಮೇಲೆ?" ಎಂದು ಕೂಗಿದೆ.

ಮುನಿರಾಜಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, ಛತ್ರಿಯ ಹಾಗೆ ಏನನ್ನೋ ಮಾಡಿ ತೋರಿಸಿದರು. ತೆರೆದದ್ದೋ ಮಡಿಸಿದ್ದೋ ತಿಳಿಯಲಿಲ್ಲ. ಟ್ಯಾಂಕರ್ ನೀರು ಚೆಲ್ಲುತ್ತಾ ಯಶವಂತಪುರದ ಕಡೆ ಇಳಿದುಹೋಯಿತು.

ನಮ್ಮ ಬಸ್ಸು ಮಾತ್ರ ಇನ್ನೊಂದು ಗಂಟೆ ಅಲ್ಲೇ ನಿಂತಿತ್ತು. ಚೈತ್ರಾಳ ಪ್ರಕಾರ ಹನ್ನೊಂದು ನಿಮಿಷ.