ಗಾಲಿಯ ಪಕ್ಕದ ಫೋನು

ಬೆಳಿಗ್ಗೆ ನಮ್ಮ ಮನೆಯವರ ಫೋನು ಬರುವ ಹೊತ್ತಿಗೆ ನಾನು ಮಿಕ್ಸಿ ಹಚ್ಚಿರುವುದಿಲ್ಲ, ನಳ ಬಿಟ್ಟಿರುವುದಿಲ್ಲ. ಕುಕ್ಕರ್ ಇಟ್ಟಿದ್ದರೆ ಕೆಳಗಿಳಿಸುತ್ತೇನೆ. ಅಡುಗೆಮನೆಯ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂಡುತ್ತೇನೆ. ಮಾತಾಡುವುದಕ್ಕಲ್ಲ. ಅವರ ಲಾರಿಯ ಬ್ರೇಕಿನೊಳಗಿಂದ ಗಾಳಿ ಸೋರುತ್ತಿದೆಯೋ ಇಲ್ಲವೋ ಎಂದು ಕೇಳಿ ಹೇಳುವುದಕ್ಕೆ. ಲಾರಿ ರಾಮದುರ್ಗದಲ್ಲೋ ವಿಜಯಪುರದ ಆಚೆಗೋ ನಿಂತಿರುತ್ತದೆ. ನಾನು ಬೈಲಹೊಂಗಲದ ನಮ್ಮ ಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತೇನೆ.

ಪಕ್ಕದ ಮನೆಯಾಕೆ ಒಂದು ಸಲ ಕೊತ್ತಂಬರಿ ಕೇಳಲು ಬಂದವಳು ಇದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಗಂಡನದು ವೆಲ್ಡಿಂಗ್ ಅಂಗಡಿ.

"ಯಾ ಅಲ್ಲಾ! ಅಕ್ಕಾರ, ಆ ಕಡಿಯಿಂದನೂ ದನಿ ಇಲ್ಲ, ನೀವೂ ಮಾತಾಡವಲ್ರಿ. ಸುಮ್ಮನ ಫೋನ್ ಹಿಡಕೊಂಡ್ ಕುಂತೀರಲ್ರಿ?"

ನಾನು ಬಾಯಿಗೆ ಬೆರಳಿಟ್ಟು ತೋರಿಸಿದೆ. ಎಲ್ಲ ಮುಗಿದ ಮೇಲೆ ವಿಷಯ ಹೇಳಿದರೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಗಂಡ ಹೆಂಡ್ತಿ ಮಾತಾಡಾಕ ಫೋನ್ ತಗೋತಾರ. ನಿಮ್ಮದು ಬ್ಯಾರೆನ ಐತಿ ಬಿಡ್ರಿ. ಗಾಲಿ ಕೂಡ ಸಂಸಾರ!"

ಮದುವೆಯಾಗಿ ಬಂದಾಗ ನನಗೆ ಲಾರಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ನಮ್ಮ ಮನೆಯವರು ದೇಗಾಂವದ ಕಡೆಯವರು, ಪೂಜೆಯ ಮನೆತನ. ಮಾವನವರು ಕೊನೆಯವರೆಗೂ ಮಡಿಯುಟ್ಟು ಗುಡಿಯ ಬಾಗಿಲು ತೆಗೆದವರು. ಮಗ ಸ್ಟೇರಿಂಗ್ ಹಿಡಿದಾಗ ನೆಂಟರು ಸುಮ್ಮನಿರಲಿಲ್ಲ. "ಅಪ್ಪ ಗಂಟಿ ಬಾರಸ್ತಾನ, ಮಗ ಹಾರ್ನ್ ಬಾರಸ್ತಾನ. ದೇವರಿಗೆ ಯಾವುದು ಮೊದಲ ಕೇಳಸ್ತದೋ ನೋಡೂಣು" ಎಂದು ಪಂಕ್ತಿಯಲ್ಲಿ ಕೂತಾಗಲೆಲ್ಲ ಆಡಿಕೊಳ್ಳುತ್ತಿದ್ದರು. ಮಾವನವರು ಮಾತ್ರ ಅನ್ನ ಕಲಸುತ್ತ, "ಬ್ರೇಕ್ ಛಲೋ ಇದ್ರ ಹಾರ್ನ್ ಯಾಕ ಬೇಕು" ಎಂದು ಅಲ್ಲಿಗೇ ಮುಗಿಸುತ್ತಿದ್ದರು.

ಲಾರಿಯ ಬ್ರೇಕು ಕಾಲಿನ ಬಲದಿಂದ ಹಿಡಿಯುತ್ತದೆ ಎಂದೇ ನಾನು ತಿಳಿದಿದ್ದೆ. ಹಿಡಿಯುವುದು ಗಾಳಿ. ಎಂಜಿನ್ನು ಓಡುತ್ತಿದ್ದಂತೆ ಕೆಳಗಿನ ಟಾಂಕಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಪೆಡಲ್ ಒತ್ತಿದರೆ ಅದು ಪೈಪುಗಳಲ್ಲಿ ಹರಿದು ಗಾಲಿಯ ಹಿಂದಿರುವ ಬೂಸ್ಟರಿಗೆ ಹೋಗುತ್ತದೆ. ಬೂಸ್ಟರ್ ಅಂದರೆ ಅವಲಕ್ಕಿ ತುಂಬಿಡುವ ಡಬ್ಬಿಯಂಥದು. ಅದರೊಳಗಿನ ರಬ್ಬರನ್ನು ಗಾಳಿ ನೂಕುತ್ತದೆ, ರಬ್ಬರು ಒಂದು ಸರಳನ್ನು ನೂಕುತ್ತದೆ, ಗಾಲಿ ನಿಲ್ಲುತ್ತದೆ. ರಬ್ಬರು ಬಿರಿದಿದ್ದರೆ ಒತ್ತಿದಾಗಲೆಲ್ಲ ಅಷ್ಟಷ್ಟು ಗಾಳಿ ಹೊರಗೆ ಹೋಗುತ್ತದೆ. ಸಪಾಟು ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತುತ್ತ ಬಂದಾಗ ಟಾಂಕಿ ಬರಿದಾಗುತ್ತದೆ. ಆಗ ಕಾಲ ಕೆಳಗೆ ಪೆಡಲ್ ಇರುತ್ತದೆ, ಬ್ರೇಕು ಇರುವುದಿಲ್ಲ.

ಅದಕ್ಕೇ ಅವರು ಬೆಳಿಗ್ಗೆ ಲಾರಿ ಚಾಲೂ ಮಾಡಿದ ಕೂಡಲೇ ಹೊರಡುವವರಲ್ಲ. ಗಾಳಿಯ ಮೀಟರಿನ ಮುಳ್ಳು ಕೆಳಗಿದ್ದಷ್ಟು ಹೊತ್ತು ಒಂದು ಕೆಂಪು ದೀಪ ಉರಿಯುತ್ತದೆ, ಒಂದು ಬಜರು ಕುಂಯ್ಯೆಂದು ಅಳುತ್ತಿರುತ್ತದೆ. "ಕೂಸು ಅತ್ತರ ಎತ್ತಕೋಬೇಕು, ಲಾರಿ ಅತ್ತರ ಕೈ ಕಟ್ಟಿಕೊಂಡು ಕೂಡಬೇಕು" ಎನ್ನುತ್ತಿದ್ದರು. ಸಂಜೆ ಬಂದ ಮೇಲೆ ಟಾಂಕಿಯ ಕೆಳಗಿನ ಉಂಗುರ ಎಳೆದು, ಗಾಳಿಯೊಂದಿಗೆ ಸೇರಿಕೊಂಡ ನೀರನ್ನು ಹೊರಗೆ ಬಿಡುತ್ತಿದ್ದರು. ಎಣ್ಣೆ ಬೆರೆತ ಆ ನೀರು ಹಾಲು ಹೆಚ್ಚಾದ ಚಹದ ಬಣ್ಣದ್ದು. ನಾನು ಹಾಕಿದ ರಂಗೋಲಿಯ ಮೇಲೆ ಅದು ಹರಿದರೆ ಜಗಳ.

ಸೋರಿಕೆ ನೋಡಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಗಾಲಿಯಿಂದ ಗಾಲಿಗೆ ಹೋಗಿ ಕಿವಿಗೊಡಬೇಕು. ಲಾರಿಗೆ ಕ್ಲೀನರ್ ಸಿಗುವುದು ನಿಂತಾಗ ಆ ಇಬ್ಬರಲ್ಲಿ ಒಬ್ಬಳು ನಾನಾದೆ. ಮೊದಮೊದಲು ನಾನು ಸೀರೆ ಎತ್ತಿ ಕಟ್ಟಿ ಮೇಲೆ ಹತ್ತುತ್ತಿದ್ದೆ, ಸೀಟಿನ ತುದಿಗೆ ಜಾರಿ ಎರಡೂ ಕಾಲಿನಿಂದ ಒತ್ತುತ್ತಿದ್ದೆ, ಅವರು ಕೆಳಗೆ ಹೋಗುತ್ತಿದ್ದರು. ಒಂದು ದಿನ ಅವರು ಏನೂ ಇಲ್ಲವೆಂದು ಕೈ ಒರೆಸಿಕೊಳ್ಳುತ್ತಿದ್ದಾಗ ನನಗೆ ಮೇಲೆಯೇ ಸುಂಯ್ ಎಂದು ಕೇಳಿಸಿತು. ವರ್ಷಗಟ್ಟಲೆ ಎಂಜಿನ್ನಿನ ಪಕ್ಕದಲ್ಲಿ ಕೂತು ಅವರ ಕಿವಿ ಸಣ್ಣ ಸದ್ದುಗಳನ್ನು ಬಿಟ್ಟುಕೊಟ್ಟಿತ್ತು. ಅಂದಿನಿಂದ ಅವರು ಮೇಲೆ, ನಾನು ಕೆಳಗೆ.

ಆಮೇಲೆ ನಮ್ಮ ಓಣಿಯಲ್ಲಿ ಗಟಾರು ತೋಡಿ ರಸ್ತೆ ಕಿರಿದಾಯಿತು, ಲಾರಿ ಮನೆಯ ಮುಂದೆ ಬರುವುದು ನಿಂತಿತು. ಮಗಳು ಮದುವೆಯಾಗಿ ಗೋಕಾಕಕ್ಕೆ ಹೋದಳು. ಅವರು ಕಿತ್ತೂರಿನ ಹೆದ್ದಾರಿಯ ಹತ್ತಿರ ಲಾರಿ ನಿಲ್ಲಿಸಿ, ಅಲ್ಲಿಂದಲೇ ಲೋಡು ಹಿಡಿದು, ಬಂದರೆ ಅಮಾವಾಸ್ಯೆಗೆ ಲಾರಿಯ ಪೂಜೆಗೆಂದು ಬರುವಂತಾಯಿತು. ಫೋನಿನ ಉಪಾಯ ಅವರದೇ. "ನೀ ಬರೂದು ಬ್ಯಾಡ, ನಿನ್ನ ಕಿವಿ ಬಂದ್ರ ಸಾಕು" ಎಂದರು.

ನಾನು ಮೊದಲು ಕೇಳುವುದು ಒಂದೇ ಮಾತು. "ಗಾಲಿಗೆ ಕಲ್ಲು ಕೊಟ್ಟೀರೇನ್ರಿ?" "ಕೊಟ್ಟೇನಿ." ಆಮೇಲೆ ಟವೆಲ್ ಮಡಚಿ ಗಾಲಿಯ ಒಳಮೈಗೆ ಫೋನು ಇಡುತ್ತಾರೆ. ಅವರ ಮೊಳಕಾಲು ಕಟಕ್ಕೆನ್ನುತ್ತದೆ. ಚಪ್ಪಲಿಯ ಸದ್ದು ದೂರವಾಗುತ್ತದೆ. ಅವರು ಸುತ್ತು ಹಾಕಿ ಮೇಲೆ ಹತ್ತಿ ಪೆಡಲ್ ಒತ್ತುವವರೆಗೆ ಆ ಕಡೆ ಯಾರೂ ಇರುವುದಿಲ್ಲ. ಊರು ಮಾತ್ರ ಇರುತ್ತದೆ. ಯಾರೋ ಬಾಯಿ ಮುಕ್ಕಳಿಸುತ್ತಾರೆ, ಬಸ್ಸು ಹಿಂದೆ ಸರಿಯುತ್ತದೆ, ಒಂದು ನಾಯಿ ಹತ್ತಿರ ಬಂದು ಮೂಸುತ್ತದೆ. ಮುರಗೋಡದ ಮಠದ ಹತ್ತಿರ ನಿಂತರೆ ಮುಂಜಾನೆಯ ಹಾಡು ಬರುತ್ತದೆ. ನಾನು ನೋಡದ ಎಷ್ಟೋ ಊರುಗಳ ಬೆಳಗನ್ನು ಹೀಗೆ ಗಾಲಿಯ ಪಕ್ಕದಿಂದ ಕೇಳಿದ್ದೇನೆ. ಮಾತಾಡಿದರೆ ಕೇಳುವವರಿಲ್ಲ ಎಂದು ಗೊತ್ತಿದ್ದೂ ಒಮ್ಮೊಮ್ಮೆ ಆ ಬಿಡುವಿನಲ್ಲಿ, "ಜ್ವರ ಬಂದಿತ್ತು, ಈಗ ಅಡ್ಡಿಯಿಲ್ಲ" ಎಂದೋ "ಮಗಳು ಫೋನ್ ಮಾಡಿದ್ಲು" ಎಂದೋ ಹೇಳಿಬಿಡುತ್ತೇನೆ. ಅವರು ಬಂದು ಫೋನು ಎತ್ತಿಕೊಂಡಾಗ ಕೇಳುವುದು, "ಏನರೆ ಕೇಳಿಸ್ತೇನು?" ಎಂದಷ್ಟೇ.

ಈ ಸಲದ ಅಮಾವಾಸ್ಯೆಯ ಬೆಳಿಗ್ಗೆ ಅವರು ಸುರೇಬಾನದಲ್ಲಿದ್ದರು. ಹಿಂದಿನ ದಿನವೇ ಗೋವಿನಜೋಳದ ಚೀಲ ಹೇರಿಯಾಗಿತ್ತು. ಸವದತ್ತಿಯ ಗುಡ್ಡ ಇಳಿದು, ನಮ್ಮೂರಲ್ಲಿ ಊಟಕ್ಕೆ ನಿಂತು, ಲಾರಿಗೆ ಪೂಜೆ ಮಾಡಿ, ಮರುದಿನ ಕಿತ್ತೂರಿನ ಗೋದಾಮಿಗೆ ಮುಟ್ಟಿಸುವುದು. ಹಿಂದಿನ ಅಮಾವಾಸ್ಯೆಗೆ ಬಂದಿರಲಿಲ್ಲ. ನಾನು ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ಗಟ್ಟಿಯಾಗಲು ಸಣ್ಣ ಉರಿಯಲ್ಲಿಟ್ಟಿದ್ದೆ. ಫೋನು ಬಂತು. ಗ್ಯಾಸು ಆರಿಸಿ ಕೂತೆ.

ಮುಂದಿನ ಎರಡು ಗಾಲಿ ಏನೂ ಇಲ್ಲ. ಹಿಂದಿನ ಬಲಗಾಲಿ ಏನೂ ಇಲ್ಲ. ಎಡಗಾಲಿಗೆ ಇಟ್ಟು ಹೋದರು. ಪೆಡಲ್ ಒತ್ತಿದ ಸದ್ದಿನ ಹಿಂದೆಯೇ, ಮೊರದಲ್ಲಿ ಅಕ್ಕಿ ಮೆಲ್ಲಗೆ ಜಾರಿದ ಹಾಗೆ ಒಂದು ಸದ್ದು.

ಅವರು ಬಂದು ಫೋನು ಎತ್ತಿದರು. "ಏನಂತದ?"

"ಇನ್ನೊಮ್ಮೆ ಇಡ್ರಿ. ಸ್ವಲ್ಪ ಒಳಗ, ಡಬ್ಬಿ ಹತ್ರ. ಒತ್ತಿ ಬಿಡ್ರಿ, ಮತ್ತ ಒತ್ತಿ ಬಿಡ್ರಿ."

"ಜೋಳದ ಹೊಲದ ಮ್ಯಾಲಿನ ಗಾಳಿ ಬೀಸ್ಲಿಕ್ಕತ್ತದ, ಅದನ್ನ ಕೇಳಿರಬೇಕು."

"ಇಡ್ರಿ ಅಂದ್ನೆಲ್ಲ."

ಇಟ್ಟರು. ಒತ್ತಿದಾಗ ಅಕ್ಕಿ ಜಾರಿತು. ಬಿಟ್ಟಾಗ ನಿಂತಿತು. ಮತ್ತೆ ಒತ್ತಿದಾಗ ಮತ್ತೆ ಜಾರಿತು. ಅನುಮಾನ ಉಳಿಯಲಿಲ್ಲ.

"ನನಗೇನೂ ಕೇಳಸವಲ್ದು" ಎಂದರು ಅವರು ಫೋನು ಎತ್ತಿಕೊಂಡು. "ಮುಳ್ಳೂ ಅಂಥಾದ್ದೇನು ಇಳದಿಲ್ಲ. ನೀ ಇಲ್ಲಂದ್ರ ಈಗ ಹೊಂಟೆ. ಊಟಕ್ಕ ಮನಿ."

ಪಾತ್ರೆಯಲ್ಲಿ ಹೂರಣ ಇನ್ನೂ ಹಬೆಯಾಡುತ್ತಿತ್ತು. ಹೊರಗೆ ಹಗ್ಗದ ಮೇಲೆ ಅವರ ಒಗೆದ ಲುಂಗಿ ಹಾಕಿದ್ದೆ, ಬಂದ ಕೂಡಲೇ ಸ್ನಾನಕ್ಕೆ ಬೇಕಾಗುತ್ತದೆ ಎಂದು. ಇಲ್ಲ ಎನ್ನುವುದು ಎಷ್ಟು ಸಣ್ಣ ಮಾತು.

"ಅದ ರೀ" ಎಂದೆ. "ಹಿಂದಿನ ಎಡಗಾಲಿ."

"ಖರೇನ?"

"ಒತ್ತಿದಾಗಷ್ಟ ಬರ್ತದ, ಬಿಟ್ರ ನಿಂದರ್ತದ. ಹೊಲದ ಗಾಳಿ ಆಗಿದ್ರ ನಿಮ್ಮ ಕಾಲಿನ ಮಾತು ಕೇಳ್ತಿತ್ತೇನು?"

ಅವರು ಫೋನು ಇಟ್ಟರು. ಲಾರಿ ರಿಪೇರಿ ಮಾಡುವ ರಾಮದುರ್ಗದ ಮಿಸ್ತ್ರಿಗೆ ಫೋನು ಮಾಡಿ ಮತ್ತೆ ನನಗೆ ಮಾಡಿದರು. ಮಿಸ್ತ್ರಿ ಬರಲು ತಯಾರಿದ್ದನಂತೆ. ಆದರೆ ಅಮಾವಾಸ್ಯೆಯ ದಿನ ಬಿಡಿಭಾಗದ ಅಂಗಡಿಯವರು ಕಾಯಿ ಒಡೆದು ಬಾಗಿಲು ಹಾಕಿಬಿಡುತ್ತಾರೆ. ರಬ್ಬರು ಸಿಗುವುದು ನಾಳೆಯೇ.

"ಒಂದು ಕೆಲಸ ಮಾಡ್ತೇನಿ" ಎಂದರು. "ಆ ಗಾಲಿ ಪೈಪ್ ಮಡಚಿ ಕಟ್ಟಿ ಬಂದುಬಿಡ್ತೇನಿ."

ನಮ್ಮ ಕಡೆಯ ಲಾರಿಯವರೆಲ್ಲ ಮಾಡುವ ಕೆಲಸ ಅದು. ಸೋರುವ ಗಾಲಿಗೆ ಹೋಗುವ ರಬ್ಬರ್ ಪೈಪನ್ನು ಮಡಚಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದರೆ ಗಾಳಿ ಅತ್ತ ಹೋಗುವುದಿಲ್ಲ, ಸೋರುವುದಿಲ್ಲ, ಮುಳ್ಳು ಇಳಿಯುವುದಿಲ್ಲ. ಆ ಗಾಲಿಗೆ ಬ್ರೇಕೂ ಇರುವುದಿಲ್ಲ. ಊರು ಮುಟ್ಟಿದವರು ಅದನ್ನು ಜಾಣತನ ಎನ್ನುತ್ತಾರೆ. ಮುಟ್ಟದವರ ಸುದ್ದಿಯಲ್ಲಿ ಪೈಪಿನ ಮಾತು ಬರುವುದಿಲ್ಲ.

"ನೀವ ಹೇಳಿದ್ದಲ್ರಿ" ಎಂದೆ. "ಒಂದು ಕಡೆ ಹಿಡದು ಇನ್ನೊಂದು ಕಡೆ ಬಿಟ್ರ ಇಳಿಜಾರದಾಗ ಗಾಡಿ ಅಡ್ಡ ತಿರಗತದ ಅಂತ. ಮ್ಯಾಲೆ ಇಷ್ಟು ಲೋಡು."

"ನಿಧಾನ ಇಳಸ್ತೇನಿ. ಗೇರಿನ್ಯಾಗ ಬರ್ತೇನಿ."

"ಬರಬ್ಯಾಡ್ರಿ."

"ಏನಂದಿ?"

"ಇವತ್ತ ಬರಬ್ಯಾಡ್ರಿ ಅಂದೆ."

ಅವರು ನಕ್ಕರು, ಆದರೆ ನಗುವಿನಲ್ಲಿ ಸಿಟ್ಟಿತ್ತು. "ತಿಂಗಳಾತು, ಬರ್ರಿ ಬರ್ರಿ ಅಂತ ನನ್ನ ತಲಿ ತಿಂದಾಕಿ ಯಾರು?"

"ನಾನ. ಈಗ ಬ್ಯಾಡ ಅನ್ನಾಕಿನೂ ನಾನ."

ಅವರು ಪಟ್ಟನೆ ಫೋನು ಇಟ್ಟರು. ಇಷ್ಟಾದ ಮೇಲೂ ಅವರು ಪೈಪು ಕಟ್ಟಿ ಹೊರಟರೆ ನಾನು ಮಾಡುವಂಥದ್ದೇನೂ ಇರಲಿಲ್ಲ. ಬಸ್ಸು ಹತ್ತಿ ಬರ್ರಿ ಎನ್ನೋಣವೆಂದರೆ, ಲಾರಿಯನ್ನು ಒಂಟಿ ಬಿಟ್ಟರೆ ಡೀಸೆಲ್ಲೂ ಉಳಿಯುವುದಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ. ಮತ್ತೆ ಫೋನು ಹಚ್ಚಿದೆ, ಎತ್ತಲಿಲ್ಲ. ಹೂರಣ ರುಬ್ಬಿದೆ. ಕಣಕ ನಾದಿದೆ. ಒಂದು ಹೋಳಿಗೆ ಲಟ್ಟಿಸಿ ಹಂಚಿಗೆ ಹಾಕುವುದು, ಕೈ ಒರೆಸಿ ಫೋನು ನೋಡುವುದು. ಅರ್ಧಕ್ಕರ್ಧ ಹೋಳಿಗೆ ಸೀದು ಕಪ್ಪಾದವು.

ಊಟದ ಹೊತ್ತಿಗೆ ಫೋನು ಬಂತು. ಹಿಂದೆ, ಬೆಳಿಗ್ಗೆ ಕೇಳಿದ್ದ ಸುರೇಬಾನದ ಬಸ್ಸುಗಳ ಅದೇ ಗದ್ದಲ ಕೇಳಿದಾಗ, ಅವರು ಬಾಯಿ ತೆರೆಯುವ ಮೊದಲೇ ನಾನು ಉಸಿರು ಬಿಟ್ಟೆ. ಕಾಳಿನ ವ್ಯಾಪಾರಿ ಕಾಯಲು ಒಪ್ಪದೆ ಚೀಲಗಳನ್ನು ಬೇರೆ ಲಾರಿಗೆ ಹೇರಿಸಿದನಂತೆ. "ಖಾಲಿ ಗಾಡ್ಯಾಗ ಕೂತೇನಿ. ಲಿಂಬಿಹಣ್ಣು ತಂದು ಇಲ್ಲೇ ಪೂಜಿ ಮಾಡ್ತೇನಿ" ಎಂದರು. ಸಿಟ್ಟು ಇಳಿದಿತ್ತು, ದನಿಯೂ ಇಳಿದಿತ್ತು. "ಹೋಳಿಗಿ ಮಾಡಿದ್ಯಾ?"

"ಇನ್ನೂ ಇಲ್ಲ" ಎಂದೆ.

ಸಂಜೆಯೊಳಗೆ ಆ ಚೀಲಗಳು ಇನ್ನೊಬ್ಬರ ಲಾರಿಯಲ್ಲಿ ನಮ್ಮೂರು ದಾಟಿ ಕಿತ್ತೂರಿನ ಕಡೆಗೆ ಹೋಗಿರಬೇಕು. ಪಕ್ಕದ ಮನೆಯಾಕೆಗೆ ಹೋಳಿಗೆ ಕೊಟ್ಟೆ. "ಅಣ್ಣಾರು ಬರಲಿಲ್ಲೇನ್ರಿ?" ಎಂದಳು. ನಾನು ನಡೆದದ್ದು ಹೇಳಿದೆ. ಅವಳು ಈ ಸಲ ನಗಲಿಲ್ಲ. "ನಾ ಆಗಿದ್ರ ಏನೂ ಕೇಳಿಲ್ಲ ಅಂತಿದ್ದೆನೇನೋ ಅಕ್ಕಾರ" ಎಂದು, ತಟ್ಟೆಯನ್ನು ತೊಳೆದೇ ಕೊಟ್ಟು ಹೋದಳು. ಹಗ್ಗದ ಮೇಲಿನ ಲುಂಗಿ ತೆಗೆದು ಮಡಚಿಟ್ಟೆ. ಟಿವಿ ಹಚ್ಚಲು ಮನಸ್ಸಾಗಲಿಲ್ಲ.

ಮರುದಿನ ಮಿಸ್ತ್ರಿ ಬೂಸ್ಟರ್ ಬಿಚ್ಚಿದ. ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು, ಬಗ್ಗಿಸಿದರೆ ಬಾಯಿ ಬಿಡುತ್ತಿತ್ತಂತೆ. "ಯಾರು ಕಂಡುಹಿಡಿದ್ರು ಅಂತ ಕೇಳ್ದ. ಮನಿಯಾಕಿ, ಬೈಲಹೊಂಗಲದಾಗ ಕೂತು ಅಂದೆ. ನನ್ನ ಮಾರಿ ನೋಡಿ, ಊಟಾ ಮಾಡೀರಿಲ್ಲೋ ಅಂದ" ಎಂದು ಅವರು ಹೇಳಿದಾಗ ಇಬ್ಬರೂ ನಕ್ಕೆವು. ಆ ನಗುವಿನ ಕೊನೆಯಲ್ಲೇ, ಅಲ್ಲಿಯೇ ವಿಜಯಪುರಕ್ಕೆ ಒಂದು ಲೋಡು ಸಿಕ್ಕಿದೆ, ಹೋಗುತ್ತೇನೆ ಎಂದರು. ವಿಜಯಪುರ ನಮ್ಮೂರಿಗೆ ಬೆನ್ನು ಮಾಡಿದ ದಾರಿ.

"ಹೋಗ್ರಿ. ಮೊದಲ ಹೊಸಾ ರಬ್ಬರ್ ಕೇಳಸ್ರಿ" ಎಂದೆ.

ಕಿಟಕಿ ಮುಚ್ಚಿ ಕೂತೆ. ಅವರು ಎಡಗಾಲಿಗೆ ಫೋನು ಇಟ್ಟು ಹೋದರು. ಮಿಸ್ತ್ರಿ ಅಲ್ಲೇ ಇದ್ದ, ಅವನೇ ನೋಡಿ ಹೇಳಬಹುದಿತ್ತು. ಅವರು ನನಗೇ ಕೇಳಿಸಿದರು. ಒತ್ತಿದರು, ಬಿಟ್ಟರು, ಒತ್ತಿ ಬಹಳ ಹೊತ್ತು ಹಿಡಿದರು. ದೂರದಲ್ಲಿ ಯಾರೋ ನಟ್ಟು ತಿರುಗಿಸುವ ಪಾನೆಯನ್ನು ನೆಲಕ್ಕೆ ಹಾಕಿದ ಸದ್ದು. ಗಾಲಿಯ ಹತ್ತಿರ ಏನೂ ಇಲ್ಲ. ಕಿವಿಗೆ ಫೋನು ಒತ್ತಿ ಒತ್ತಿ ಕೇಳಿದೆ, ಏನೂ ಇಲ್ಲ.

"ಏನಂತದ?"

"ಏನೂ ಇಲ್ರಿ."

"ಖರೇನ?"

"ಖರೆ. ಹೋಗ್ರಿ ಇನ್ನ."