ಒಂದೇ ಚೊಂಬಿನ ನೀರಲ್ಲಿ ತೊಳೆದ ಕೊಳವೆಗಳು

ಕೋಲಾರದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಪಿಎಚ್‌ಡಿಗೆಂದು ಹಿಡಿದ ಕೆಲಸ ಯುರೋಪಿಯಂ ಎಂಬ ಅಪರೂಪದ ಲೋಹದ್ದು. ಹಸುವಿಗೆ ಕೊಟ್ಟ ಒಂದು ಬಗೆಯ ಆಂಟಿಬಯಾಟಿಕ್ ಹಾಲಿನಲ್ಲಿ ಉಳಿದಿದ್ದರೆ ಈ ಲೋಹ ಅದನ್ನು ಹಿಡಿದುಕೊಂಡು ನೇರಳಾತೀತ ದೀಪದ ಕೆಳಗೆ ಕೆಂಪಗೆ ಹೊಳೆಯುತ್ತದೆ. ಆದರೆ ಬಲು ಮಂಕಾಗಿ, ಏಕೆಂದರೆ ಸುತ್ತ ಅಂಟಿಕೊಂಡ ನೀರು ಹೊಳಪನ್ನು ನುಂಗಿಬಿಡುತ್ತದೆ. ಸೋಪಿನ ಜಾತಿಯ ವಸ್ತುವೊಂದನ್ನು ಬೆರೆಸಿ ಆ ನೀರನ್ನು ದೂರ ತಳ್ಳಿದೆ. ಹೊಳಪು ಎಷ್ಟೋ ಪಟ್ಟು ಏರಿತು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮೂರು ಕ್ಯಾಲನೂರಿನಿಂದ ಆಚೆ. ಊರ ಡೈರಿಯ ಕಾರ್ಯದರ್ಶಿಯ ಮುಂದೆ ಜಂಬ ಕೊಚ್ಚಿಕೊಂಡು, ಒಂದು ಬೆಳಿಗ್ಗೆ ಕೆಲವು ಮನೆಗಳ ಹಾಲಿನ ಮಾದರಿ ತೆಗೆದುಕೊಂಡು ಹೋದೆ. ಕೆಂಪಾದದ್ದು ಒಂದೇ, ನಮ್ಮ ಎದುರು ಮನೆಯ ಅಕ್ಕನದು. ಅವಳ ಹಸುವಿಗೆ ಕೆಚ್ಚಲು ಬಾವಾಗಿ ಇಂಜೆಕ್ಷನ್ ಕೊಡಿಸಿದ್ದು ನನಗೆ ಗೊತ್ತಿತ್ತು. ಇನ್ನೇನು ಬೇಕು? ಅವಳ ಹಾಲಿನಲ್ಲಿ ಔಷಧಿ ಉಳಿದಿದೆ ಎಂದು ಸಂಜೆ ಡೈರಿಯ ಸಾಲಿನಲ್ಲಿ ಎಲ್ಲರ ಮುಂದೆಯೇ ಹೇಳಿದೆ.

"ಡಾಕ್ಟ್ರು ಹೇಳಿದಷ್ಟು ದಿನಾನೂ ಹಾಲು ತಿಪ್ಪೆಗೆ ಸುರಿದಿದೀನಿ ಕಣಪ್ಪ," ಎಂದಳು ಅಕ್ಕ.

"ಲ್ಯಾಬಲ್ಲಿ ಕೆಂಪಗೆ ಕಾಣ್ತಾ ಇದೆಯಲ್ಲಕ್ಕ," ಎಂದೆ. ಎಷ್ಟು ತಣ್ಣಗೆ ಹೇಳಿದೆ ಎಂದು ನೆನೆದರೆ ಈಗಲೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಕಾರ್ಯದರ್ಶಿ ಅವಳ ಕ್ಯಾನನ್ನು ಪಕ್ಕಕ್ಕೆ ಸರಿಸಿದರು, ನಾಳೆಯಿಂದ ತರಬೇಡ ಎಂದರು. "ಮಕ್ಕಳು ಕುಡಿಯೋ ಹಾಲು ಕಣೇ ಅದು," ಎಂದು ಸಾಲಿನ ಹೆಂಗಸರು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು.

ನಾಲ್ಕನೆಯ ದಿನ, ಪ್ರಬಂಧಕ್ಕೆ ಫೋಟೊ ಬೇಕೆಂದು, ಹೋಲಿಕೆಗೆ ಬರೀ ನೀರು ತುಂಬಿದ ಗಾಜಿನ ಕೊಳವೆಯೊಂದಕ್ಕೂ ಯುರೋಪಿಯಂ ಹಾಕಿದೆ. ಅದನ್ನು ಮೊದಲೇ ಮಾಡಬೇಕಿತ್ತು. ವಿದ್ಯಾರ್ಥಿಗಳಿಗೆ ನಾನೇ ಬೈದು ಕಲಿಸುವ ಪಾಠ ಅದು. ದೀಪ ಹಾಕಿದೆ. ನೀರೂ ಕೆಂಪಗೆ ಹೊಳೆಯಿತು.

ಕೊಳವೆಗಳನ್ನು ತೊಳೆದವನು ನಾನೇ. ನಮ್ಮ ಕಡೆ ಬೆಳೆದವರು ಒಂದು ಚೊಂಬು ನೀರಲ್ಲಿ ಆರು ಲೋಟ ಗಲಬರಿಸುತ್ತೇವೆ. ಒಂದರ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ. ಅಮ್ಮ ಹಾಗೆ ಕಲಿಸಿದ್ದಳು, ಲ್ಯಾಬಿನಲ್ಲೂ ಕೈ ಹಾಗೆಯೇ ಓಡುತ್ತದೆ. ಮೊದಲ ಕೊಳವೆಯಲ್ಲಿ ಅಳತೆಗೆಂದು ನಾನೇ ಕಲಸಿದ್ದ ಆಂಟಿಬಯಾಟಿಕ್ ಇತ್ತು. ಅದನ್ನು ತೊಳೆದ ನೀರು ಮೊದಲು ಬಿದ್ದ ಎರಡನೆಯ ಕೊಳವೆಗೇ ಅಂದು ಅಕ್ಕನ ಹಾಲು ಸುರಿದಿದ್ದೆ, ಇವತ್ತು ಹಾಗೆಯೇ ತೊಳೆದು ಬರೀ ನೀರು ತುಂಬಿದ್ದೂ ಅದಕ್ಕೇ; ಮುಂದಿನ ಕೊಳವೆಗಳಿಗೆ ಹೋಗುವಷ್ಟರಲ್ಲಿ ಆ ಕೊಳೆ ತೆಳುವಾಗಿಬಿಡುತ್ತಿತ್ತು. ಫ್ರಿಜ್‌ನಲ್ಲಿ ಉಳಿದಿದ್ದ ಅವಳ ಹಾಲನ್ನು ಹೊಸ ಕೊಳವೆಗೆ ಹಾಕಿ ನೋಡಿದೆ. ಏನೂ ಹೊಳೆಯಲಿಲ್ಲ. ಹಳೆಯ ಮಂಕು ಬೆಳಕೇ ಆಗಿದ್ದರೆ ಆ ಕೊಳೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಳಪು ಹೆಚ್ಚಿಸಿದವನೂ ನಾನೇ.

ಅಂದು ಸಂಜೆ ಅಕ್ಕನ ಕೊಟ್ಟಿಗೆಗೆ ಹೋಗಿ ಒಂದೂ ಬಿಡದೆ ಹೇಳಿದೆ. ಅವಳು ಹಸುವಿಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡಳು.

"ಈಗ್ಲೂ ತಿಪ್ಪೆಗೇ ಸುರೀತಾ ಇದೀನಿ. ಮೊಮ್ಮಗೂಗೂ ಕೊಟ್ಟಿಲ್ಲ. ಓದಿದೋನು, ನೀನು ತಪ್ಪು ಹೇಳಲ್ಲ ಅಂದ್ಕೊಂಡೆ." ಕೈಗಂಟಿದ ಹುಲ್ಲು ಕೊಡವಿ, "ನಾಳೆ ಡೈರಿ ಹತ್ರ ಬಂದು ಇದನ್ನೇ ಹೇಳ್ಬಿಡು. ಎಲ್ರೂ ಇದ್ದಾಗ," ಎಂದಳು. ಹೇಳುತ್ತೇನೆ ಎಂದೆ.

ಬೆಳಿಗ್ಗೆ ಹೋದೆ. ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಬಿಟ್ಟು, "ಮಿಷಿನ್ದು ಏನೋ ಪ್ರಾಬ್ಲಮ್ ಆಗಿತ್ತು. ಅಕ್ಕನ ಹಾಲು ಚೆನ್ನಾಗೇ ಇದೆ," ಎಂದೆ.

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ನಿಜ ಗೊತ್ತಿದ್ದವಳು ಅಲ್ಲಿ ಅವಳೊಬ್ಬಳೇ.

"ಮಿಷಿನ್ ತಪ್ಪಾ, ನಿಂದಾ?" ಎಂದು ಸಾಲಿನ ಹೆಂಗಸೊಬ್ಬಳು ನನ್ನನ್ನು ಹಿಡಿದು ಕೇಳಿದಳು.

"ಮಿಷಿನ್ ಅಂದ್ಮೇಲೆ ಒಂದೊಂದ್ ದಿನ ಕೆಡುತ್ತೆ, ಪೋನೀ, ಹೋಗ್ಲಿ ಬಿಡೇ," ಎಂದ ಅಕ್ಕ, ಕ್ಯಾನು ಎತ್ತಿ ಹಾಲು ಸುರಿದಳು.